ಓದುಗರ ವಿನಿಮಯದ ವಿಜೆಟ್: ಕನ್ನಡ ಬ್ಲಾಗಿನಲ್ಲಿ ಮೂರು ವಾರ

ಬ್ಲಾಗಿನ ಬದಿಯಲ್ಲಿ ಪುಟ್ಟ ಪೆಟ್ಟಿಗೆಯೊಂದನ್ನು ಅಂಟಿಸಿಕೊಂಡರೆ ಓದುಗರು ತಾವಾಗಿಯೇ ಬರುತ್ತಾರೆ ಎಂದು ಆಸೆ ಹುಟ್ಟಿಸುವ ವಿಜೆಟ್‌ಗಳು ಹೊಸವೇನಲ್ಲ. 2007ರ ಸೆಪ್ಟೆಂಬರಿನಲ್ಲಿ ಅಂತರಜಾಲ ಮಾರಾಟಗಾರ ಜಾನ್ ರೀಸ್ ಹೊರತಂದ ಬ್ಲಾಗ್‌ರಷ್ ಇದೇ ಸೂತ್ರವನ್ನು ನಂಬಿತ್ತು: ನಿಮ್ಮ ಪುಟದಲ್ಲಿ ಇತರರ ಶೀರ್ಷಿಕೆಗಳಿಗೆ ಜಾಗ ಕೊಟ್ಟರೆ, ಅದಕ್ಕೆ ಪ್ರತಿಯಾಗಿ ನಿಮ್ಮ ಶೀರ್ಷಿಕೆಗೂ ಬೇರೆಯವರ ಪುಟದಲ್ಲಿ ಜಾಗ ಸಿಗುತ್ತದೆ. ಆ ಸೇವೆ 2008ರಲ್ಲಿಯೇ ಬಾಗಿಲು ಹಾಕಿತಾದರೂ ಸೂತ್ರ ಇನ್ನೂ ಉಳಿದಿದೆ. ಅಂಥದೇ ಒಂದು ಉಚಿತ ಸೇವೆಯನ್ನು, ಹೆಸರು ಬೇಡ, ಮಲೆನಾಡಿನ ಅಡುಗೆಯ ಕುರಿತ ನನ್ನ ಬ್ಲಾಗಿನಲ್ಲಿ ಮೂರು ವಾರ ಇಟ್ಟು ನೋಡಿದೆ.

ಅಳವಡಿಸುವುದು ಸುಲಭ. ಕೊಟ್ಟ ಕೋಡನ್ನು ಗೂಗಲ್‌ನ ಬ್ಲಾಗ್ ತಾಣವಾದ ಬ್ಲಾಗರ್‌ನ ಲೇಔಟ್ ಪುಟದಲ್ಲಿ ಗ್ಯಾಜೆಟ್ ಆಗಿ ಸೇರಿಸಿದರೆ ಕೆಲಸ ಮುಗಿಯಿತು. ತೊಡಕು ಶುರುವಾಗುವುದು ವಿಭಾಗ ಆರಿಸುವಾಗ. ಅಡುಗೆ, ಪ್ರವಾಸ, ಹಣ ಗಳಿಕೆ ಎಂದೆಲ್ಲ ವಿಷಯಗಳಿವೆಯೇ ಹೊರತು ಭಾಷೆಯನ್ನು ಸೂಚಿಸಲು ಅವಕಾಶವೇ ಇಲ್ಲ. ಹೀಗಾಗಿ ನನ್ನ ಶೀರ್ಷಿಕೆ ಇಂಗ್ಲಿಷ್ ಕೇಕ್, ಪಾಸ್ತಾಗಳ ಬ್ಲಾಗುಗಳಲ್ಲಿ ಹೋಗಿ ಕುಳಿತಿತು, ಅದೂ ಅರ್ಧಂಬರ್ಧವಾಗಿ. ‘ಅಂಗಳದಲ್ಲಿ ಒಣಗಿಸಿದ ಹಲಸಿನ ಹಪ್ಪಳದ ಲೆಕ್ಕ’ ಎಂಬ ಬರಹ ಪೆಟ್ಟಿಗೆಯಲ್ಲಿ ‘ಅಂಗಳದಲ್ಲಿ ಒಣಗಿಸಿದ ಹಲಸಿನ ಹಪ್’ ಎಂದು ಕಾಣಿಸಿತು. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಪ್ಪ’, ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಪ, ಅದರ ಸ್ವರ ಕಳೆಯುವ ಚಿಹ್ನೆ (್), ಮತ್ತೊಂದು ಪ ಎಂದು ಮೂರು ಸಂಕೇತಗಳಾಗಿರುತ್ತದೆ. ಸಂಕೇತಗಳನ್ನು ಎಣಿಸಿ ಕತ್ತರಿ ಆಡಿಸುವ ವಿಜೆಟ್‌ಗೆ ಒತ್ತಕ್ಷರದ ಗೊಡವೆಯಿಲ್ಲ.

ಅಂಕಿಗಳು ಮಾತ್ರ ಏರಿದವು, ಮೊದಲ ವಾರ ಹಿಗ್ಗಿದ್ದೂ ನಿಜ. ಈ ಸೇವೆಯಲ್ಲಿ ಕ್ರೆಡಿಟ್, ಅಂದರೆ ಇತರರಲ್ಲಿ ಜಾಗ ಪಡೆಯುವ ಅಂಕ, ಗಳಿಸಲು ಇನ್ನೊಂದು ದಾರಿಯಿದೆ: ಇತರರ ಪುಟವನ್ನು ಚೌಕಟ್ಟಿನೊಳಗೆ ತೆರೆದು, ಮೇಲಿನ ಗಡಿಯಾರ ಇಪ್ಪತ್ತು ಸೆಕೆಂಡು ಎಣಿಸಿ ಮುಗಿಸುವವರೆಗೆ ಕಾಯಬೇಕು, ನಂತರ ಮುಂದಿನ ಪುಟ. ನನ್ನಲ್ಲಿಗೆ ಬಂದವರಲ್ಲಿ ಬಹುಪಾಲು ಹೀಗೆ ಕಾಯುತ್ತಿದ್ದವರೇ. ಭೇಟಿಗಳ ಲೆಕ್ಕ ಇಡುವ ಈಗಿನ ಗೂಗಲ್ ಅನಲಿಟಿಕ್ಸ್ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತ ಭೇಟಿಯನ್ನು ಆಸಕ್ತಿಯ ಭೇಟಿ ಎಂದೇ ಲೆಕ್ಕ ಹಾಕುವುದರಿಂದ, ಕನ್ನಡದ ಒಂದಕ್ಷರವೂ ಬಾರದವರು ನನ್ನ ವರದಿಯಲ್ಲಿ ಶ್ರದ್ಧಾವಂತ ಓದುಗರಾಗಿ ಮೆರೆದರು. ಹಪ್ಪಳದ ಹಿಟ್ಟಿನ ಹದ ಕೇಳಿ ಒಬ್ಬರಾದರೂ ಬರೆಯಲಿಲ್ಲ.

ಇದಕ್ಕಿಂತ ಬೇಸರದ ಸಂಗತಿ ಬೇರೆಯಿದೆ. ವಿನಿಮಯ ಎಂದ ಮೇಲೆ ಕೊಡುವುದೂ ಇರುತ್ತದಲ್ಲ. ಬಂಧುಗಳ ವಾಟ್ಸಾಪ್ ಗುಂಪಿನಿಂದಲೋ ಗೂಗಲ್ ಹುಡುಕಾಟದಿಂದಲೋ ನಿಜವಾಗಿ ಓದಲು ಬಂದ ಬೆರಳೆಣಿಕೆಯ ಕನ್ನಡಿಗರಿಗೆ ನಾನು ಬರಹದ ಪಕ್ಕದಲ್ಲಿಯೇ ಹೊರಗೆ ಹೋಗುವ ಐದು ಬಾಗಿಲುಗಳನ್ನು ತೆರೆದಿಟ್ಟಿದ್ದೆ. ‘ಮನೆಯಲ್ಲೇ ಕುಳಿತು ಹಣ ಗಳಿಸಿ’ ಎಂಬ ಕೊಂಡಿ ನನ್ನ ಪುಟದಲ್ಲಿ ಏಕಿದೆ ಎಂದು ಚಿಕ್ಕಮ್ಮ ಫೋನ್ ಮಾಡಿ ಕೇಳಿದಾಗ ಉತ್ತರಿಸಲು ತಡವರಿಸಿದೆ.

ಗೂಗಲ್‌ನ ಆ್ಯಡ್‌ಸೆನ್ಸ್ ಜಾಹೀರಾತು ಹಾಕಿಕೊಂಡವರು ಇನ್ನೂ ಎಚ್ಚರ ವಹಿಸಬೇಕು. ಹಣ ಕೊಟ್ಟು ಪುಟ ನೋಡಿಸುವ, ತಾನಾಗಿಯೇ ಪುಟ ತಿರುಗಿಸುವ, ಕ್ಲಿಕ್‌ಗಳನ್ನು ಅದಲುಬದಲು ಮಾಡಿಕೊಳ್ಳುವ ಸೇವೆಗಳ ಮೂಲಕ ಜಾಹೀರಾತಿಗೆ ನೋಟ ಅಥವಾ ಕ್ಲಿಕ್ ಹೆಚ್ಚಿಸಿಕೊಳ್ಳುವುದನ್ನು ಗೂಗಲ್ ನಿಯಮಗಳು ನಿಷೇಧಿಸಿವೆ; ಖಾತೆಯೇ ರದ್ದಾಗಬಹುದು. ನನ್ನ ಬ್ಲಾಗಿನಲ್ಲಿ ಜಾಹೀರಾತಿಲ್ಲದ ಕಾರಣ ಆ ಕಂಟಕ ತಪ್ಪಿತು.

ಇಂಗ್ಲಿಷಿನಲ್ಲಿ ಬ್ಲಾಗಿಂಗ್ ಕುರಿತೇ ಬರೆಯುವವರಿಗೆ ಇಂಥ ವಿಜೆಟ್ ಅಷ್ಟಿಷ್ಟು ಉಪಯೋಗಕ್ಕೆ ಬಂದೀತು, ಏಕೆಂದರೆ ಗಡಿಯಾರ ನೋಡುತ್ತ ಕುಳಿತವರೂ ಬ್ಲಾಗಿಗರೇ. ಕನ್ನಡ ಬ್ಲಾಗಿಗೆ ನಾನು ಐದರಲ್ಲಿ ಒಂದು ಅಂಕ ಕೊಡುತ್ತೇನೆ, ಅದೂ ಅಳವಡಿಕೆಯ ಸುಲಭಕ್ಕೆ. ತೆಗೆದುಹಾಕುವುದೂ ಅಷ್ಟೇ ಸುಲಭವಾಗಿತ್ತು. ಆ ಜಾಗದಲ್ಲಿ ಈಗ ನನ್ನವೇ ಐದು ಹಳೆಯ ಬರಹಗಳ ಕೊಂಡಿಗಳಿವೆ. ಹಪ್ಪಳದ ಶೀರ್ಷಿಕೆ ಅಲ್ಲಿ ಪೂರ್ತಿಯಾಗಿ ಕಾಣುತ್ತದೆ.