ಚಿಕ್ಕಮಗಳೂರಿನ ಸ್ತ್ರೀವಾದ ಶಿಬಿರ: ಪಾಠಕ್ಕೆ ನಾಲ್ಕು ನಕ್ಷತ್ರ, ಕೈಪಿಡಿಗೆ ಒಂದು

ಕಳೆದ ತಿಂಗಳು ಚಿಕ್ಕಮಗಳೂರು ನಗರದ ಬಾಡಿಗೆ ಸಭಾಂಗಣವೊಂದರಲ್ಲಿ ಎರಡು ಭಾನುವಾರ ನಡೆದ ಸ್ತ್ರೀವಾದ ಅಧ್ಯಯನ ಶಿಬಿರಕ್ಕೆ 1,200 ರೂಪಾಯಿ ಶುಲ್ಕ ಕಟ್ಟಿ ಹೋಗಿ ಬಂದೆ. ಪಾಠದ ಮುಖ್ಯ ವಿಷಯ ರ‍್ಯಾಡಿಕಲ್ ಸ್ತ್ರೀವಾದ. ಎರಡು ದಿನದ ಪಾಠ, ಮಧ್ಯಾಹ್ನದ ಊಟ, ಎರಡು ಹೊತ್ತಿನ ಕಾಫಿ ಮತ್ತು 48 ಪುಟಗಳ ಒಂದು ಕೈಪಿಡಿ ಈ ಶುಲ್ಕದಲ್ಲೇ ಸೇರಿದ್ದವು. ಇದೇ ಶಿಬಿರ ಮುಂದೆ ಹಾಸನದಲ್ಲೂ ನಡೆಯಲಿದೆ ಎಂದು ಹೇಳಿದ್ದರಿಂದ, ಸೇರಬೇಕೆಂದಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಸಂಘಟಕರ ಹೆಸರು ಹಾಕುವುದಿಲ್ಲ. ಕರಪತ್ರ ಕಂಡವರಿಗೆ ಅದು ಯಾರೆಂದು ಗೊತ್ತಾಗುತ್ತದೆ, ಕಾಣದವರಿಗೆ ಹೆಸರಿಗಿಂತ ಪಾಠ ಹೇಗಿತ್ತು ಎಂಬುದು ಮುಖ್ಯ.

ನಾನು ಆಲ್ದೂರಿನ ಕಡೆಯವಳು. ನಮ್ಮದು ಹತ್ತು ಎಕರೆಗೂ ಕಡಿಮೆ ಕಾಫಿ ತೋಟ. ಲೆಕ್ಕಪತ್ರ ಮತ್ತು ಶನಿವಾರದ ಬಟವಾಡೆ ನನ್ನ ಪಾಲಿನ ಕೆಲಸ. ರ‍್ಯಾಡಿಕಲ್ ಸ್ತ್ರೀವಾದಿಗಳೆಂದರೆ ಗಂಡಸರ ನೆರಳನ್ನೂ ಸಹಿಸದವರು, ಹೆಣ್ಣು ಹುಟ್ಟಿನಿಂದಲೇ ಮೇಲು, ಗಂಡು ಹುಟ್ಟಿನಿಂದಲೇ ಕ್ರೂರಿ ಎಂದು ನಂಬಿದವರು ಎಂಬ ತಿಳಿವಳಿಕೆ ಇಟ್ಟುಕೊಂಡೇ ಹೋಗಿದ್ದೆ. ಮೊದಲ ದಿನದ ಪಾಠ ಅದನ್ನು ಬುಡಸಮೇತ ಅಲುಗಾಡಿಸಿತು. ಎರಡನೆಯ ದಿನ ಮಧ್ಯಾಹ್ನ ಅದೇ ಶಿಬಿರ ಅದನ್ನು ಮತ್ತೆ ತಂದು ನೆಟ್ಟಿತು. ನನ್ನ ತಕರಾರು ಇರುವುದು ಅಲ್ಲಿ.

ಪಾಠ ಹೇಳಿದವರು ಸಮಾಜಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿ. ಅವರು ಶುರು ಮಾಡಿದ್ದು ಪದದಿಂದ. ರ‍್ಯಾಡಿಕಲ್ ಎಂಬುದರ ಹಿಂದಿರುವುದು ಬೇರು ಎಂಬರ್ಥದ ಲ್ಯಾಟಿನ್ ಪದ. ನಾವು ಶಾಲೆಯಲ್ಲಿ ವರ್ಗಮೂಲಕ್ಕೆ ಹಾಕುತ್ತಿದ್ದ ಚಿಹ್ನೆಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ಹೆಣ್ಣಿನ ಅಧೀನತೆಯನ್ನು ಅಲ್ಲೊಂದು ಕಾನೂನು, ಇಲ್ಲೊಂದು ಮೀಸಲಾತಿ ಎಂದು ಕೊಂಬೆ ಸವರಿ ಸರಿಪಡಿಸಲು ಆಗದು, ಬೇರಿಗೇ ಕೈ ಹಾಕಬೇಕು ಎಂಬುದು ಆ ವಿಶೇಷಣದ ಅರ್ಥವೇ ಹೊರತು, ಕೂಗಾಟದ ಪ್ರಮಾಣವಲ್ಲ. ‘ಆಮೂಲಾಗ್ರ ಬದಲಾವಣೆ’ ಎಂದು ದಿನವೂ ಪತ್ರಿಕೆಯಲ್ಲಿ ಓದುವ ನಮಗೆ ಇದು ಹೊಸದಾಗಬೇಕಿರಲಿಲ್ಲ. ಆದರೆ ಕನ್ನಡದಲ್ಲಿ ಅದು ‘ತೀವ್ರಗಾಮಿ’ ಎಂದೇ ಚಾಲ್ತಿಗೆ ಬಂದಿರುವುದರಿಂದ, ಅರ್ಧ ತಪ್ಪು ಕಲ್ಪನೆ ಅನುವಾದದಲ್ಲೇ ಹುಟ್ಟಿಕೊಂಡಿದೆ.

ಇಷ್ಟು ಚೆನ್ನಾಗಿ ವಿವರಿಸುತ್ತಿರುವಾಗ ಕೈಪಿಡಿಯ ಏಳನೆಯ ಪುಟದಲ್ಲಿ ಏನಿತ್ತು ಎನ್ನುತ್ತೀರಿ? ‘ಮೂಲಭೂತವಾದಿ ಸ್ತ್ರೀವಾದ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, “ಮೇಡಂ, ಇದು ಯಾವ ಧರ್ಮದವರದು?” ಎಂದು ಕೇಳಿದರು, ಅವರು ತಮಾಷೆಗೆ ಕೇಳಿರಲಿಲ್ಲ. ಅದು ಸಾಲದೆಂಬಂತೆ, ಹೆಣ್ಣು ಗಂಡುಗಳ ಸ್ವಭಾವ ಹುಟ್ಟಿನಲ್ಲೇ ನಿಗದಿಯಾಗಿರುತ್ತದೆ ಎನ್ನುವ ವಾದಕ್ಕೆ, ಅಂದರೆ ಎಸೆನ್ಷಿಯಲಿಸಂಗೆ, ಅದೇ ಪುಟದಲ್ಲಿ ‘ಮೂಲಸತ್ವವಾದ’ ಎಂಬ ಹೆಸರಿತ್ತು. ಒಂದಕ್ಕೊಂದು ಎದುರಾದ ಎರಡು ವಿಚಾರಗಳಿಗೆ ಒಂದೇ ‘ಮೂಲ’ ಅಂಟಿಕೊಂಡು, ಓದುವವರಿಗೆ ಎರಡೂ ಅಣ್ಣತಮ್ಮಂದಿರಂತೆ ಕಾಣುವ ಹಾಗಾಯಿತು. ಪ್ರಾಧ್ಯಾಪಕಿಯವರು ಕೈಪಿಡಿಯನ್ನು ಮುಚ್ಚಿಡಲು ಹೇಳಿ, ಹಲಗೆಯ ಮೇಲೆ ‘ಬೇರಿನ ಸ್ತ್ರೀವಾದ’ ಮತ್ತು ‘ಹುಟ್ಟುಗುಣವಾದ’ ಎಂದು ಬರೆದರು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಹೆಣ್ಣಿಗೂ ಗಂಡಿಗೂ ಅನ್ವಯಿಸಿದರೆ ಅದೇ ಈ ವಾದ ಎಂದರು. ಒಂದು ಗಂಟೆಯ ಪಾಠ ಆ ಒಂದು ಮಾತಿನಲ್ಲಿ ಮುಗಿಯಿತು.

ಇಲ್ಲಿಂದ ಮುಂದಿನದು ಶಿಬಿರದ ಅತ್ಯುತ್ತಮ ಭಾಗ. ರ‍್ಯಾಡಿಕಲ್ ಸ್ತ್ರೀವಾದಿಗಳು ಹುಟ್ಟುಗುಣವಾದಿಗಳೆಂಬುದು ಬಹಳ ಜನರ ನಂಬಿಕೆ. ಆದರೆ 1970ರ ಆಸುಪಾಸಿನಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ಈ ಚಿಂತನೆಯನ್ನು ಕಟ್ಟಿದವರಲ್ಲಿ ಹೆಚ್ಚಿನವರು ಸರಿಯಾಗಿ ಅದರ ವಿರುದ್ಧ ದಿಕ್ಕಿನಲ್ಲಿದ್ದವರು. ಹೆಣ್ಣಾಗಿ ಹುಟ್ಟುವುದಿಲ್ಲ, ಹೆಣ್ಣಾಗುತ್ತಾರೆ ಎಂದು ಫ್ರಾನ್ಸಿನ ಲೇಖಕಿ ಸಿಮೋನ್ ದ ಬೊವಾ 1949ರಲ್ಲೇ ಬರೆದಿದ್ದನ್ನು ಅವರು ಮುಂದಕ್ಕೆ ಒಯ್ದರು. ಗಂಡು ಹೆಣ್ಣಿನ ಮನೋಧರ್ಮ, ಪಾತ್ರ, ಅಂತಸ್ತು ಎಲ್ಲವೂ ರಾಜಕೀಯವಾಗಿ ರೂಪಿಸಿದವು ಎಂದು ಕೇಟ್ ಮಿಲೆಟ್ 1970ರಲ್ಲಿ ವಾದಿಸಿದರು. ಅದೇ ವರ್ಷ 25ರ ಹರೆಯದ ಶೂಲಮಿತ್ ಫೈರ್‌ಸ್ಟೋನ್ ಇನ್ನೂ ದಿಟ್ಟವಾದ ಮಾತಾಡಿದರು: ಅಸಮಾನತೆಯ ಮೊದಲ ಬೀಜ ಹೆರುವ ದೇಹದಲ್ಲೇ ಇರಬಹುದು, ಆದರೆ ನಿಸರ್ಗದಲ್ಲಿದೆ ಎಂಬ ಮಾತ್ರಕ್ಕೆ ಅದನ್ನು ಒಪ್ಪಬೇಕಿಲ್ಲ, ತಂತ್ರಜ್ಞಾನದಿಂದ ಹೆರಿಗೆಯ ಹೊರೆಯನ್ನೇ ಇಳಿಸಬಹುದು ಎಂದು. ಇದು ಕಾರ್ಯಸಾಧ್ಯವೇ, ಅಪೇಕ್ಷಣೀಯವೇ ಎಂಬುದು ಬೇರೆ ಚರ್ಚೆ, ನನಗಂತೂ ಅನುಮಾನವಿದೆ. ಆದರೆ ದೇಹವೇ ಹಣೆಬರಹ ಎನ್ನುವವರ ಮಾತು ಇದಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಹೆಣ್ಣು ಜೈವಿಕವಾಗಿಯೇ ಶ್ರೇಷ್ಠಳು ಎಂಬ ಮಾತು ಚಳವಳಿಯ ಒಳಗೇ ಕೇಳಿಬಂದಾಗ, ಯಹೂದಿ ಮನೆತನದ ಆಂಡ್ರಿಯಾ ಡ್ವರ್ಕಿನ್ 1978ರಲ್ಲಿ ಲೇಖನ ಬರೆದು, ಜೈವಿಕ ಶ್ರೇಷ್ಠತೆ ಎನ್ನುವುದು ಜಗತ್ತಿನ ಅತ್ಯಂತ ಅಪಾಯಕಾರಿ ವಿಚಾರ, ಜನಾಂಗ ಶ್ರೇಷ್ಠತೆಯ ಹೆಸರಿನಲ್ಲಿ ನಡೆದ ಕೊಲೆಗಳ ಹಿಂದೆ ಇದ್ದದ್ದೂ ಅದೇ ಎಂದು ಎಚ್ಚರಿಸಿದರು. ಗಂಡಸರ ದ್ವೇಷಿ ಎಂದು ಅತಿ ಹೆಚ್ಚು ಬೈಸಿಕೊಂಡವರಲ್ಲಿ ಒಬ್ಬರು ಈಕೆ.

ಪಾಠವನ್ನು ಮೆಚ್ಚಲು ಇನ್ನೊಂದು ಕಾರಣ, ಪ್ರಾಧ್ಯಾಪಕಿಯವರು ಯಾರನ್ನೂ ಸಮಾಧಾನಪಡಿಸಲು ವಿಷಯಕ್ಕೆ ಬೆಲ್ಲ ಬೆರೆಸಲಿಲ್ಲ. “ಅವರು ಬೈದದ್ದು ವ್ಯವಸ್ಥೆಯನ್ನು, ಗಂಡಸರನ್ನಲ್ಲ ಅಲ್ಲವೇ?” ಎಂದು ಮುಂದಿನ ಸಾಲಿನ ಯುವಕನೊಬ್ಬ ಕೇಳಿದಾಗ, ಅಷ್ಟು ಸುಲಭವಾಗಿ ನುಣುಚಿಕೊಳ್ಳಬೇಡಪ್ಪ ಎಂದರು. ನ್ಯೂಯಾರ್ಕಿನ ರೆಡ್‌ಸ್ಟಾಕಿಂಗ್ಸ್ ಗುಂಪು 1969ರ ತನ್ನ ಪ್ರಣಾಳಿಕೆಯಲ್ಲಿ, ದಬ್ಬಾಳಿಕೆ ನಡೆಸುವವರು ಗಂಡಸರೇ, ಸಂಸ್ಥೆಗಳು ಅವರ ಸಾಧನಗಳು ಎಂದು ನೇರವಾಗಿಯೇ ಹೇಳಿತ್ತು. ಆದರೆ ಅವರು ಹುಟ್ಟಿನಿಂದ ಹಾಗೆ ಎಂದು ಆರೋಪಿಸಿರಲಿಲ್ಲ. ಬದಲಾಗಬೇಕಾದವರು ಹೆಂಗಸರಲ್ಲ, ಗಂಡಸರು ಎಂದಿತ್ತು. ಬದಲಾಗಿ ಎಂದು ಒತ್ತಾಯಿಸುವವರು ಬದಲಾವಣೆ ಸಾಧ್ಯವೆಂದು ನಂಬಿರಲೇಬೇಕು. ‘ಹೆಣ್ಣಿಗೆ ಹೆಣ್ಣೇ ಶತ್ರು’ ಎಂಬ ನಮ್ಮ ಮನೆಮಾತಿಗೂ ಆ ಪ್ರಣಾಳಿಕೆಯಲ್ಲಿ ಉತ್ತರವಿದೆ: ಹೆಂಗಸರು ತಗ್ಗಿ ನಡೆಯುವುದು ದಡ್ಡತನದಿಂದಲೋ ಮನಸ್ಸು ಕೆಟ್ಟದ್ದರಿಂದಲೋ ಅಲ್ಲ, ದಿನನಿತ್ಯದ ಒತ್ತಡದಿಂದ. ಅತ್ತೆಯಂದಿರು ಹೆಚ್ಚಾಗಿ ಸೇರಿದ್ದ ಸಭೆಯಲ್ಲಿ ಇದನ್ನು ಕೇಳಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಸ್ತ್ರೀವಾದಿಗಳು ಒಳ ಉಡುಪು ಸುಟ್ಟರು ಎಂಬ ಕತೆಯನ್ನು ಅವರು ಐದೇ ನಿಮಿಷದಲ್ಲಿ ಮುಗಿಸಿದರು. 1968ರ ಸೆಪ್ಟೆಂಬರ್ 7ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಮಿಸ್ ಅಮೆರಿಕ ಸ್ಪರ್ಧೆಯ ವಿರುದ್ಧ ಪ್ರತಿಭಟಿಸಿದವರು ಬ್ರಾ, ಎತ್ತರದ ಹಿಮ್ಮಡಿಯ ಚಪ್ಪಲಿ, ಕೂದಲು ಸುರುಳಿ ಮಾಡುವ ಸಾಧನಗಳನ್ನು ಕಸದ ಡಬ್ಬಿಗೆ ಎಸೆದರು, ಬೆಂಕಿ ಹಚ್ಚಲಿಲ್ಲ. ಆರಿಸಲು ಬೆಂಕಿಯೇ ಇಲ್ಲದಿದ್ದರೂ ಹೊಗೆ ಮಾತ್ರ ಇಂದಿಗೂ ಹೋಗಿಲ್ಲ.

ನನಗೆ ಹತ್ತಿರದಿಂದ ತಾಗಿದ್ದು ಕ್ರಿಸ್ಟೀನ್ ಡೆಲ್ಫಿಯ ಕುರಿತ ಅರ್ಧ ಗಂಟೆ. ಫ್ರಾನ್ಸಿನ ಈ ಚಿಂತಕಿ 1970ರಲ್ಲಿ ಎತ್ತಿದ ಪ್ರಶ್ನೆ ಸರಳವಾದದ್ದು. ರೈತನ ಹೆಂಡತಿಯ ದುಡಿಮೆ ಮಾರುಕಟ್ಟೆಗೆ ಹೋಗುವ ಫಸಲಿನಲ್ಲೇ ಸೇರಿದ್ದರೂ ಅದಕ್ಕೆ ಕೂಲಿ ಇಲ್ಲ. ಅದೇ ಕೆಲಸವನ್ನು ಹೊರಗಿನವರು ಮಾಡಿದರೆ ಇದೆ. ಹಾಗಿದ್ದರೆ ಕೂಲಿ ಇಲ್ಲದಿರುವುದು ಕೆಲಸದ ಸ್ವಭಾವದಿಂದಲ್ಲ, ಮದುವೆಯೆಂಬ ಸಂಬಂಧದಿಂದ. ಇದನ್ನು ಕೇಳುವಾಗ ನನಗೆ ನೆನಪಾದದ್ದು ಬೆಳೆಸಾಲದ ಅರ್ಜಿ. ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು, ಆಳುಗಳ ಹಾಜರಿ ಹಿಡಿದು, ಸಂಜೆ ಹಣ್ಣಿನ ತೂಕ ಬರೆದು, ಪಲ್ಪರ್ ತೊಳೆಯುವವರೆಗೆ ಕಾಲು ಚಾಚದ ನನ್ನನ್ನು, ಬ್ಯಾಂಕಿನ ಸಿಬ್ಬಂದಿ ಏನೂ ಕೇಳದೆಯೇ ಉದ್ಯೋಗದ ಜಾಗದಲ್ಲಿ ‘ಗೃಹಿಣಿ’ ಎಂದು ತುಂಬಿದ್ದರು. ಆಗ ನಾನೂ ತಕರಾರಿಲ್ಲದೆ ಸಹಿ ಹಾಕಿದ್ದೆ.

ಮಧ್ಯಾಹ್ನ ನಮ್ಮನ್ನು ಹನ್ನೊಂದು ಜನರ ವೃತ್ತದಲ್ಲಿ ಕೂರಿಸಿ, ಒಂದೇ ಪ್ರಶ್ನೆಗೆ ಸರದಿಯಂತೆ ಉತ್ತರಿಸಲು ಹೇಳಿದರು. ಅರುವತ್ತರ ದಶಕದ ಕೊನೆಯಲ್ಲಿ ಅಮೆರಿಕದ ಸ್ತ್ರೀವಾದಿ ಗುಂಪುಗಳು ಬೆಳೆಸಿದ ಪದ್ಧತಿ ಇದು. ವೈಯಕ್ತಿಕವಾದದ್ದು ರಾಜಕೀಯವೇ ಎಂಬ ಘೋಷಣೆಯನ್ನು ಈಗ ಜನ, ನಾನು ಏನು ಉಟ್ಟರೂ ಏನು ಕೊಂಡರೂ ಅದು ಹೋರಾಟ ಎಂಬ ಅರ್ಥದಲ್ಲಿ ಬಳಸುತ್ತಾರೆ. 1970ರಲ್ಲಿ ಆ ಶೀರ್ಷಿಕೆಯಡಿ ಪ್ರಕಟವಾದ ಕ್ಯಾರಲ್ ಹ್ಯಾನಿಶ್ ಅವರ ಬರಹ ಹೇಳುವುದು ಹೆಚ್ಚುಕಡಿಮೆ ಅದಕ್ಕೆ ವಿರುದ್ಧವಾದದ್ದನ್ನು: ನನ್ನೊಬ್ಬಳ ಕಷ್ಟವೆಂದುಕೊಂಡದ್ದು ಎಲ್ಲರದೂ ಆಗಿದ್ದರೆ, ಅದಕ್ಕೆ ಒಬ್ಬೊಬ್ಬರ ಪರಿಹಾರವಿಲ್ಲ, ಒಟ್ಟಾಗಿಯೇ ಹುಡುಕಬೇಕು ಎಂದು. ನಮಗೆ ಕೇಳಿದ್ದು, ನಿಮ್ಮ ಮನೆಯ ದಾಖಲೆಗಳಲ್ಲಿ ನಿಮ್ಮ ಉದ್ಯೋಗ ಏನೆಂದಿದೆ ಎಂದು. ಹನ್ನೊಂದರಲ್ಲಿ ಎಂಟು ಜನ ‘ಗೃಹಿಣಿ’ಯರು, ಎಂಟರಲ್ಲಿ ಆರು ಜನ ತೋಟ ನೋಡಿಕೊಳ್ಳುವವರು.

ಈ ಚಿಂತನೆಯಿಂದ ಕಾನೂನಿಗೆ ಏನೂ ಬರಲಿಲ್ಲ ಎಂಬ ಆಕ್ಷೇಪಕ್ಕೆ ಅಮೆರಿಕದ ಕಾನೂನು ತಜ್ಞೆ ಕ್ಯಾಥರೀನ್ ಮೆಕಿನನ್ ಅವರ ಉದಾಹರಣೆ ಸಾಕಿತ್ತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ಖಾಸಗಿ ಕಿರಿಕಿರಿಯಲ್ಲ, ತಾರತಮ್ಯ ಎಂದು ಅವರು 1979ರಲ್ಲಿ ಮಂಡಿಸಿದ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1986ರಲ್ಲಿ ಒಪ್ಪಿತು. ನಮ್ಮಲ್ಲಿ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಕಿರುಕುಳವನ್ನು ಸಮಾನತೆಯ ಹಕ್ಕಿನ ಉಲ್ಲಂಘನೆ ಎಂದಿತು, 2013ರಲ್ಲಿ ಕಾಯ್ದೆ ಬಂತು.

ಎರಡನೆಯ ಭಾನುವಾರ ಬೆಳಿಗ್ಗೆ ಟೀಕೆಗಳ ಪಾಠವಿತ್ತು, ಅದೂ ಪ್ರಾಮಾಣಿಕವಾಗಿತ್ತು. ತಪ್ಪು ಕಲ್ಪನೆ ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ. ಎಪ್ಪತ್ತರ ದಶಕದ ನಡುವಿನಿಂದ ಹೆಣ್ಣಿನ ವಿಶೇಷ ಸಂಸ್ಕೃತಿ, ಸ್ತ್ರೀಸಹಜ ಪೋಷಣೆಯ ಗುಣಗಳನ್ನು ಕೊಂಡಾಡುವ ಇನ್ನೊಂದು ಧಾರೆ ಬೆಳೆಯಿತು. ಮೇರಿ ಡೇಲಿಯಂಥವರ ಬರವಣಿಗೆ ಆ ಕಡೆಗೆ ವಾಲಿತ್ತು. ಈ ಎರಡನೆಯದು ಸಾಂಸ್ಕೃತಿಕ ಸ್ತ್ರೀವಾದ, ಇದನ್ನು ಮೊದಲಿನದರ ಜೊತೆ ಕಲಸಬಾರದು ಎಂದು ಇತಿಹಾಸಕಾರ್ತಿ ಆಲಿಸ್ ಎಕೋಲ್ಸ್ 1989ರಲ್ಲಿ ವಿಂಗಡಿಸಿ ತೋರಿಸಿದರು. ಟ್ರಾನ್ಸ್ ಮಹಿಳೆಯರ ಪ್ರಶ್ನೆಯಲ್ಲೂ ಎಲ್ಲ ರ‍್ಯಾಡಿಕಲ್ ಸ್ತ್ರೀವಾದಿಗಳು ಒಂದೇ ಕಡೆಗಿಲ್ಲ. 1979ರಲ್ಲಿ ಜಾನಿಸ್ ರೇಮಂಡ್ ಕಟುವಾಗಿ ವಿರೋಧಿಸಿ ಬರೆದರೆ, ಮೆಕಿನನ್ ಟ್ರಾನ್ಸ್ ಮಹಿಳೆಯರನ್ನು ಮಹಿಳೆಯರೆಂದೇ ಒಪ್ಪುತ್ತಾರೆ. ಈ ವಿಷಯಕ್ಕೆ ಹತ್ತೇ ನಿಮಿಷ ಕೊಟ್ಟದ್ದು ಕಡಿಮೆಯಾಯಿತು.

ಊಟದ ನಂತರ ಅತಿಥಿ ಉಪನ್ಯಾಸ. ವಿಷಯ: ‘ಹೆಣ್ತನದ ಸಹಜ ಶಕ್ತಿ’. ಹೆಣ್ಣು ಭೂಮಿತಾಯಿ, ಸಹನೆ ಆಕೆಯ ರಕ್ತದಲ್ಲಿದೆ, ಗಂಡಿಗೆ ಬುದ್ಧಿ ಆಕೆಗೆ ಹೃದಯ ಎಂದು ಮುಕ್ಕಾಲು ಗಂಟೆ ಸಾಗಿತು. ಬೆಳಿಗ್ಗೆಯ ಹಲಗೆಯ ಮೇಲೆ ‘ಹುಟ್ಟುಗುಣವಾದ’ ಎಂಬ ಬರಹ ಇನ್ನೂ ಅಳಿಸಿರಲಿಲ್ಲ. ಅತಿಥಿಗಳು ಅದಕ್ಕೆ ಬೆನ್ನು ಮಾಡಿ ನಿಂತಿದ್ದರು. ಮೊಲೆ ಮುಡಿ ಬಂದರೆ ಹೆಣ್ಣೆಂಬರು, ಗಡ್ಡ ಮೀಸೆ ಬಂದರೆ ಗಂಡೆಂಬರು, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದ ಜೇಡರ ದಾಸಿಮಯ್ಯನ ನುಡಿಯನ್ನು ಅವರೇ ಆರಂಭದಲ್ಲಿ ಹೇಳಿ, ನಂತರ ಅದಕ್ಕೆ ತದ್ವಿರುದ್ಧವಾದುದನ್ನೇ ಹೇಳುತ್ತ ಹೋದರು. ಆ ಹೊತ್ತಿಗೆ ಕಾಫಿ ಬಂತು. ಎರಡೂ ದಿನ ತಟ್ಟೆ ಹಿಡಿದು ಓಡಾಡಿದವರು ಹೆಣ್ಣುಮಕ್ಕಳೇ. ಗಂಡು ಸ್ವಯಂಸೇವಕರಿಬ್ಬರು ಮೈಕು ನೋಡಿಕೊಳ್ಳುತ್ತಿದ್ದರು.

ಸಂಘಟಕರನ್ನು ಮಾತ್ರ ದೂರಿದರೆ ನ್ಯಾಯವಾಗದು. ನನ್ನ ಬಟವಾಡೆ ಪುಸ್ತಕದಲ್ಲೂ ಗಂಡಾಳು, ಹೆಣ್ಣಾಳು ಎಂದು ಎರಡು ಕಲಂಗಳಿವೆ. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಲು, ಹತ್ತುವವರಿಗೆ ಹೆಚ್ಚು ಎಂಬುದಕ್ಕೆ ಅಪಾಯದ ಕಾರಣ ಹೇಳಬಹುದು. ಆದರೆ ಇಬ್ಬರೂ ಗೊಬ್ಬರ ಹಾಕುವ ದಿನವೂ ಎರಡು ದರವೇ. ಹೆಂಗಸರ ಬೆರಳು ನಯ, ಹಣ್ಣು ಬಿಡಿಸಲು ಅವರೇ ಸರಿ ಎಂದು ನಾವೇ ಹೇಳುತ್ತೇವೆ, ಆ ನಯಕ್ಕೆ ಕಾಸು ಮಾತ್ರ ಕಡಿಮೆ. ಒಂದೇ ತೆರನ ಕೆಲಸಕ್ಕೆ ಒಂದೇ ಕೂಲಿ ಎಂಬ ಕಾಯ್ದೆ 1976ರಲ್ಲೇ ಬಂದಿತ್ತು. ಶಿಬಿರ ಮುಗಿದ ಮೇಲಿನ ಶನಿವಾರ ಗೊಬ್ಬರದ ಕೆಲಸಕ್ಕೆ ಒಂದೇ ದರ ಬರೆದೆ. ಮನೆಯಲ್ಲಿ ಈ ಬಗ್ಗೆ ಇನ್ನೂ ಮಾತುಕತೆ ಮುಗಿದಿಲ್ಲ.

ಇನ್ನುಳಿದ ವಿವರಗಳು: ಊಟ ಚೆನ್ನಾಗಿತ್ತು, ಅಕ್ಕಿ ರೊಟ್ಟಿ ಬಿಸಿಯಾಗಿಯೇ ಬಂತು. ಸಂಜೆ ಐದಕ್ಕೆ ಬಿಡುವುದಾಗಿ ಹೇಳಿ ಆರೂವರೆಗೆ ಬಿಟ್ಟದ್ದರಿಂದ ಆಲ್ದೂರಿನ ಬಸ್ಸಿಗೆ ಓಡಬೇಕಾಯಿತು. ತೋಟದ ಕೂಲಿ ಹೆಂಗಸರಿಗೆ ಶುಲ್ಕದಲ್ಲಿ ರಿಯಾಯಿತಿ ಇಲ್ಲದ್ದರಿಂದ ಅವರಲ್ಲಿ ಒಬ್ಬರೂ ಬಂದಿರಲಿಲ್ಲ, ಇದು ಊಟ ಬಸ್ಸುಗಳಿಗಿಂತ ದೊಡ್ಡ ಕೊರತೆ. ಹಾಸನದವರು ಮೊದಲ ಭಾನುವಾರವನ್ನು ತಪ್ಪಿಸಿಕೊಳ್ಳಬೇಡಿ. ಎರಡನೆಯ ದಿನ ಊಟ ಮುಗಿಸಿ ಹೊರಟರೂ ನಷ್ಟವಿಲ್ಲ.

ಕೈಪಿಡಿಯ ಏಳನೆಯ ಪುಟದ ಬಗ್ಗೆ ಸಂಘಟಕರಿಗೆ ಫೋನ್ ಮಾಡಿ ತಿಳಿಸಿದ್ದೆ. ತಪ್ಪು ಒಪ್ಪಿಕೊಂಡು, ತಿದ್ದಿದ ಪುಟವನ್ನು ಮೊನ್ನೆ ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದ್ದಾರೆ. ‘ಮೂಲಭೂತವಾದಿ ಸ್ತ್ರೀವಾದ’ ಎಂದಿದ್ದ ಕಡೆಯಲ್ಲೆಲ್ಲ ಈಗ ‘ಉಗ್ರಗಾಮಿ ಸ್ತ್ರೀವಾದ’ ಎಂದಿದೆ.