ಕೊಕ್ಕೆ ಹಿಡಿಯದ ಗೈಡ್: ಆಗುಂಬೆ ಹತ್ತಿರದ ಹೋಂಸ್ಟೇಯ ರಾತ್ರಿ ನಡಿಗೆ, ಮೇ ತಿಂಗಳು

ಗೈಡ್ ಕೈಯಲ್ಲಿ ಹಾವು ಹಿಡಿಯುವ ಕೊಕ್ಕೆ ಇದೆಯಾ ಅಂತ ಮೊದಲು ನೋಡಿದೆ. ಇರಲಿಲ್ಲ. ಅಲ್ಲಿಗೇ ಅರ್ಧ ಸಮಾಧಾನ ಆಯಿತು.

ಹೋದ ವರ್ಷ ಬೇರೆ ಕಡೆ, ಬೇರೆಯವರ ಜೊತೆ ಇಂಥದ್ದೇ ನಡಿಗೆಗೆ ಹೋಗಿದ್ದೆವು. ಅಲ್ಲಿನ ಗೈಡ್ ಪೊದೆಯಲ್ಲಿ ಸುಮ್ನೆ ಮಲಗಿದ್ದ ಹಸಿರು ಹಾವನ್ನು ಕೊಕ್ಕೆಯಲ್ಲಿ ಎಳೆದು, ಚೆನ್ನಾಗಿ ಕಾಣುವ ಕೊಂಬೆಗೆ ಸುತ್ತಿ, ಎಲ್ಲರೂ ಫೋಟೊ ತೆಗೆದುಕೊಳ್ಳಿ ಅಂದ. ಅಷ್ಟು ಹೊತ್ತೂ ಆ ಹಾವು ಹೆದರಿ ಬಾಯಿ ತೆರೆದುಕೊಂಡೇ ಇತ್ತು. ಜೊತೆಗಿದ್ದ ನನ್ನ ತಂಗಿ ಮಗ ಅವತ್ತು ಸರಿಯಾಗಿ ಊಟವನ್ನೇ ಮಾಡಲಿಲ್ಲ. ಅದಕ್ಕೇ ಈ ಸಲ ಫೋನಿನಲ್ಲೇ ಕೇಳಿಕೊಂಡೆ. "ಮುಟ್ಟೋದಿಲ್ಲ ಮಾರಾಯ್ರೆ, ಕಂಡರೆ ಕಂಡಿತು, ಇಲ್ಲದಿದ್ರೆ ಇಲ್ಲ" ಅಂದರು. ಮುಂಗಡ ಕಳಿಸಿದೆ.

ಜಾಗ ಆಗುಂಬೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮಧ್ಯದ ಮನೆ. ಭರಣಿ ಮಳೆ ಒಂದು ಸಲ ಬಿದ್ದು ನಿಂತಿತ್ತು. ಎರಡು ರಾತ್ರಿ ಇದ್ದೆವು: ನಾನು, ಹೆಂಡತಿ, 13 ವರ್ಷದ ಆ ಹುಡುಗ. ನಡಿಗೆಗೆ ಒಬ್ಬರಿಗೆ 800 ರೂಪಾಯಿ, ಊಟ ವಸತಿ ಬೇರೆ. ಗೈಡ್ ಆ ಮನೆಯವರೇ. ಹಗಲು ತೋಟದ ಕೆಲಸ, ರಾತ್ರಿ ಇದು.

ಹೊರಡುವ ಮುಂಚೆ ಅರ್ಧ ಗಂಟೆ ಅಂಗಳದಲ್ಲೇ ನಿಲ್ಲಿಸಿದರು. ನಮ್ಮ ಗಂಬೂಟುಗಳನ್ನು ಬ್ರಷ್ ಹಾಕಿ ಉಜ್ಜಿ ತೊಳೆಸಿದರು. ಕೈಟ್ರಿಡ್ ಅಂತ ಒಂದು ಶಿಲೀಂಧ್ರ ಕಪ್ಪೆಗಳ ಚರ್ಮಕ್ಕೆ ತಗಲುತ್ತದೆ, ಕಪ್ಪೆ ನೀರು ಹೀರುವುದು ಆ ಚರ್ಮದಿಂದಲೇ, ಉಸಿರಾಟವೂ ಒಂದಷ್ಟು ಅದರಿಂದಲೇ, ಬೇರೆ ಹಳ್ಳದ ಕೆಸರು ನಿಮ್ಮ ಬೂಟಿನ ಜೊತೆ ನಮ್ಮ ಹಳ್ಳಕ್ಕೆ ಬರುವುದು ಬೇಡ ಅಂದರು. ಆಮೇಲೆ ಇನ್ನೊಂದು ಮಾತು ನೇರವಾಗಿ ಹೇಳಿದರು. ನಮ್ಮ ದೇಶದಲ್ಲಿ ಸಿಗುವ ಹಾವಿನ ವಿಷದ ಔಷಧಿ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ. ಇಲ್ಲಿ ಜಾಸ್ತಿ ಕಾಣುವ ಪಿಟ್ ವೈಪರ್ ಅನ್ನುವ ವಿಷದ ಹಾವುಗಳಿಗೆ ಅದನ್ನು ನಂಬುವ ಹಾಗಿಲ್ಲ. ತೀರ್ಥಹಳ್ಳಿಯ ಆಸ್ಪತ್ರೆ 30 ಕಿಲೋಮೀಟರಿಗಿಂತ ದೂರ. ಹಾಗಾಗಿ ಕೈ ಎಲ್ಲೂ ಊರಬೇಡಿ, ಟಾರ್ಚ್ ಬೆಳಕು ಬಿಟ್ಟು ನೋಡದೆ ಕಾಲು ಇಡಬೇಡಿ ಅಂದರು. ಜೀಪನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿದ್ದರು. ಇಷ್ಟು ಬಿಡಿಸಿ ಹೇಳುವವರು ನನಗೆ ಹಿಂದೆ ಸಿಕ್ಕಿರಲಿಲ್ಲ.

ನಡೆಯುವುದು ಅವರದೇ ತೋಟ, ಹಳ್ಳದ ದಂಡೆ, ಆಮೇಲೆ ಮಣ್ಣಿನ ರಸ್ತೆ. ಮೀಸಲು ಅರಣ್ಯದೊಳಗೆ ಹೋಗುವುದಿಲ್ಲ, ಕೇಳಲೂ ಬೇಡಿ.

ಹಣೆಗೆ ಕಟ್ಟುವ ಟಾರ್ಚನ್ನೇ ತನ್ನಿ, ಕೈ ಟಾರ್ಚ್ ಸಾಲದು. ಬೆಳಕು ನಮ್ಮ ಕಣ್ಣಿನ ಪಕ್ಕದಿಂದಲೇ ಹೋಗಬೇಕು, ಆಗ ಎದುರಿನ ಕಣ್ಣು ಹೊಳೆಯುವುದು ನಮಗೆ ಕಾಣುತ್ತದೆ. ಹುಲ್ಲಿನಲ್ಲಿ ಇಬ್ಬನಿ ಹನಿ ಅಂದುಕೊಂಡಿದ್ದು ಹತ್ತಿರ ಹೋದರೆ ಜೇಡದ ಕಣ್ಣು. ಹಳ್ಳದ ಕಲ್ಲಿನ ಮೇಲೆ ಎರಡು ಚುಕ್ಕಿ ಹೊಳೆದರೆ ಕಪ್ಪೆ. ಆದರೆ ಹಾವಿನ ಕಣ್ಣು ಹಾಗೆ ಹೊಳೆಯುವುದಿಲ್ಲ, ಅದರ ಆಕಾರವನ್ನೇ ಹುಡುಕಬೇಕು. ಇದು ಗೊತ್ತಾಗಿದ್ದೇ ಇಲ್ಲಿ.

ಒಂದು ಗಂಟೆ ಏನೂ ಇಲ್ಲ. ಆಮೇಲೆ ಅವರು "ನಿಲ್ಲಿ, ಅಲ್ಲೇ ನಿಲ್ಲಿ" ಅಂದರು. ಮೂರು ಹೆಜ್ಜೆ ದೂರದಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಒಂದು ಸಣ್ಣ ಗಿಡದ ಕವಲಿನಲ್ಲಿ ಮಲಬಾರ್ ಪಿಟ್ ವೈಪರ್. ಇದು ಹಸಿರು, ಕಂದು, ಹಳದಿ ಹೀಗೆ ಬೇರೆ ಬೇರೆ ಬಣ್ಣದಲ್ಲಿ ಇರುತ್ತದೆ, ನಮಗೆ ಸಿಕ್ಕಿದ್ದು ಪಾಚಿ ಹಿಡಿದ ಕಂದು. ಬಾಲ ಕೊಂಬೆಗೆ ಬಿಗಿಯಾಗಿ ಸುತ್ತಿತ್ತು, ಮೈ ಮೂರು ಸುತ್ತು ಮಡಚಿಕೊಂಡಿತ್ತು, ತಲೆ ಮಾತ್ರ ಕೆಳಮುಖ, ನೆಲದ ಕಡೆ. ಕಣ್ಣಿಗೂ ಮೂಗಿಗೂ ನಡುವೆ ಒಂದು ಕುಳಿ, ಸೂಜಿಯಲ್ಲಿ ಚುಚ್ಚಿದ ಹಾಗೆ. ಕೆಳಗೆ ಓಡಾಡುವ ಇಲಿ ಮೈಯ ಬಿಸಿ ಅದಕ್ಕೆ ಗೊತ್ತಾಗುವುದು ಆ ಕುಳಿಯಿಂದ. ಒಂದು ಸೊಳ್ಳೆ ಬಂದು ಅದರ ನೆತ್ತಿ ಮೇಲೆ ಕುಳಿತಿತು. ಹಾವು ಅಲುಗಲಿಲ್ಲ. ಐದು ನಿಮಿಷ ನೋಡಿದೆವು, ನಾಲ್ಕು ಫೋಟೊ, ಫ್ಲ್ಯಾಶ್ ಇಲ್ಲ, ಆಮೇಲೆ ಬೆಳಕು ಬೇರೆ ಕಡೆ ತಿರುಗಿಸಿ ಮುಂದೆ ಹೋದೆವು. ಮಾರನೇ ರಾತ್ರಿಯೂ ಅದೇ ಗಿಡದಲ್ಲಿತ್ತು, ಒಂದು ಗೇಣು ಕೆಳಗೆ. ಮುಟ್ಟದೆ ಬಿಟ್ಟಿದ್ದಕ್ಕೇ ಅಲ್ವಾ ಮತ್ತೆ ಕಂಡಿದ್ದು?

ಎರಡನೇ ಸಂಜೆ ಮಳೆ ಹೊಡೆಯಿತು. ಮಳೆ ನಿಂತ ಮೇಲೆ ಹಳ್ಳದ ಹತ್ತಿರ ಎಲ್ಲರಿಗೂ ಟಾರ್ಚ್ ಆರಿಸಲು ಹೇಳಿದರು. ಕತ್ತಲಲ್ಲಿ ಪೊದೆಪೊದೆಯಿಂದಲೂ ಟಿಕ್, ಟಿಕ್‌ಟಿಕ್, ಯಾರೋ ಕಲ್ಲಿಗೆ ಕಲ್ಲು ತಾಗಿಸಿದ ಹಾಗೆ. ಪೊದೆಗಪ್ಪೆಗಳು. ಒಂದನ್ನು ಹುಡುಕಿ ತೋರಿಸಲು ಅವರಿಗೇ ಕಾಲು ಗಂಟೆ ಬೇಕಾಯಿತು, ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಕೂಗುವಾಗ ಗಂಟಲು ಮೈಯಷ್ಟೇ ಉಬ್ಬುತ್ತದೆ. ಇವುಗಳಿಗೆ ಗೊದಮೊಟ್ಟೆ ಹಂತವೇ ಇಲ್ಲ, ಮೊಟ್ಟೆಯೊಳಗಿಂದ ನೇರ ಪುಟ್ಟ ಕಪ್ಪೆಯೇ ಹೊರಗೆ ಬರುತ್ತದೆ.

ಬೆಳಗ್ಗೆ ತೋಟದಲ್ಲಿ ಹಾರುವ ಓತಿ ನೋಡುವುದನ್ನು ತಪ್ಪಿಸಬೇಡಿ. ಬಿಸಿಲು ಏರಿದ ಮೇಲೆ, ಒಂಬತ್ತರ ಹೊತ್ತಿಗೆ. ಗಂಡು ಅಡಿಕೆ ಮರಕ್ಕೆ ಅಂಟಿಕೊಂಡು ಗಂಟಲಿನ ಹಳದಿ ಚೀಲವನ್ನು ಬಾವುಟದ ಹಾಗೆ ಹೊರಗೆ ಚಾಚಿ ಮಡಚುತ್ತದೆ, ಆಮೇಲೆ ಪಕ್ಕೆಯ ಚರ್ಮ ಬಿಡಿಸಿ ಮುಂದಿನ ಮರಕ್ಕೆ ತೇಲಿಹೋಗುತ್ತದೆ. ಇಳಿದ ಕೂಡಲೇ ಮತ್ತೆ ತೊಗಟೆಯೇ ಆಗಿಬಿಡುತ್ತದೆ.

ಒಂದು ವಿಷಯಕ್ಕೆ ಹುಡುಗನಿಗೆ ನಿರಾಸೆ ಆಯಿತು. ಅವನಿಗೆ ಕಾಳಿಂಗ ಬೇಕಿತ್ತು. ಆಗುಂಬೆ ಅಂದರೆ ಕಾಳಿಂಗ ತಾನೇ. 2005ರಲ್ಲಿ ಹಾವು ತಜ್ಞ ರೊಮುಲಸ್ ವಿಟೇಕರ್ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದು ಇಲ್ಲೇ. 2024ರಲ್ಲಿ ಪಶ್ಚಿಮ ಘಟ್ಟದ್ದು ಬೇರೆಯೇ ಪ್ರಭೇದ ಅಂತ ಗೊತ್ತಾಗಿ ಅದಕ್ಕೆ ನಮ್ಮ ಕನ್ನಡದ ಕಾಳಿಂಗ ಅನ್ನೋ ಹೆಸರನ್ನೇ ಇಟ್ಟರು. ಈ ತಿಂಗಳಲ್ಲಿ ಹೆಣ್ಣು ತರಗೆಲೆಗಳನ್ನು ಮೈಯಿಂದಲೇ ಗುಡ್ಡೆ ಹಾಕಿ ಗೂಡು ಕಟ್ಟಿ, ಮೊಟ್ಟೆ ಇಟ್ಟು ಕಾಯುತ್ತದೆ. ಹತ್ತಿರದಲ್ಲೇ ಒಂದು ಗೂಡು ಇದೆ ಅಂತ ಗೈಡ್ ಒಪ್ಪಿಕೊಂಡರು, ಆದರೆ ಕರೆದುಕೊಂಡು ಹೋಗಲಿಲ್ಲ. ಇನ್ನೊಂದು ಗುಂಪಿನವರು ಜಾಸ್ತಿ ದುಡ್ಡು ಕೊಡುತ್ತೇವೆ ಅಂದರೂ ಇಲ್ಲ. "ಈಗ ತಾಯಿ ಗೂಡಿನ ಮೇಲೇ ಕೂತಿದೆ. ನಾವು ಹೋಗಿ ಅದು ಬಿಟ್ಟು ಹೋದ್ರೆ?" ಅಂದರು. ಐದು ಸ್ಟಾರಿನಲ್ಲಿ ಎರಡು ನಾನು ಈ ಮಾತಿಗೇ ಕೊಡುತ್ತೇನೆ.

ಕೊರತೆಯೂ ಇದೆ, ಅವರಿಗೇ ಹೇಳಿ ಬಂದಿದ್ದೇನೆ. ಎರಡನೇ ರಾತ್ರಿ ಎರಡು ಗುಂಪು ಸೇರಿಸಿ ಹನ್ನೊಂದು ಜನ ಆದೆವು, ದಾರಿಯೋ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ, ಮುಂದೆ ಇದ್ದವರಿಗೆ ಕಂಡ ನೀರೊಳ್ಳೆ ಹಾವು ಹಿಂದಿನವರು ಬರುವ ಹೊತ್ತಿಗೆ ನೀರೊಳಗೆ ಹೋಗಿತ್ತು. ಆರು ಜನರಿಗಿಂತ ಜಾಸ್ತಿ ಬೇಡ. ಬುಕಿಂಗ್ ಪುಟದಲ್ಲಿ ಹೆಡೆ ಎತ್ತಿದ ಕಾಳಿಂಗದ ಫೋಟೊ ಇರುವುದನ್ನೂ ತೆಗೆಯಲಿ, ಅದನ್ನು ನೋಡಿಯೇ ಜನ ಅದನ್ನೇ ಕೇಳುತ್ತಾರೆ. ಊಟ ಚೆನ್ನಾಗಿತ್ತು.

ಬಣ್ಣಬಣ್ಣದ ಮರಗಪ್ಪೆ, ನೊರೆಯ ಗೂಡು ಬೇಕು ಅನ್ನುವವರು ಜೂನ್ ಕೊನೆಗೆ ಹೋಗಿ, ಇಂಬಳಕ್ಕೆ ತಯಾರಾಗಿ. ಹಾವು, ಓತಿ ನೋಡಬೇಕು, ಒಂದೆರಡು ಮಳೆಗೆ ಕಪ್ಪೆ ಕೂಗು ಶುರುವಾಗುವುದನ್ನು ಕೇಳಬೇಕು ಅಂದರೆ ಮೇ ಒಳ್ಳೆಯದು.

ಹೊರಡುವಾಗ ಗೈಡ್ ಹುಡುಗನ ಹೆಗಲ ಮೇಲೆ ಕೈ ಇಟ್ಟು, "ಮಾಣಿ, ಮಳೆಗಾಲದಲ್ಲಿ ಮೊಟ್ಟೆ ಒಡೆದು ಮರಿ ಎಲ್ಲ ಹೋದ ಮೇಲೆ ಬಾ, ಖಾಲಿ ಗೂಡು ತೋರಿಸ್ತೆ" ಅಂದರು. ಸೆಪ್ಟೆಂಬರಿಗೆ ಎರಡು ರಾತ್ರಿ ಹೇಳಿ ಬಂದಿದ್ದೇವೆ.