ಸಾಕೆಟ್‌ಗಳಿಗೆ ಯಾವುದು ಸರಿ: ಜೊತೆಗೆ ಬಂದ ಡಬ್ಬಿಯೋ, ರೈಲೋ, ಮ್ಯಾಗ್ನೆಟ್ ಟ್ರೇಯೋ, ಫೋಮೋ?

ಪೆಟ್ಟಿಗೆ ಒಂದೇ: ಎರಡೂ ಕಡೆ ತೆರೆದುಕೊಳ್ಳುವ ಐದು ಖಾನೆಯ ತಗಡಿನ ಟೂಲ್ ಬಾಕ್ಸ್. ಸಾಕೆಟ್ (ನಟ್ಟು, ಬೋಲ್ಟಿನ ತಲೆಗೆ ಕೂರಿಸಿ ತಿರುಗಿಸುವ ಬಟ್ಟಲು) ಸೆಟ್ಟೂ ಒಂದೇ: ಅರ್ಧ ಇಂಚು ಡ್ರೈವ್ (ಹಿಡಿ ಸಿಕ್ಕಿಸುವ ಚೌಕ ತೂತಿನ ಅಳತೆ), 10ರಿಂದ 32 ಮಿ.ಮೀ.ವರೆಗೆ 18 ಸಾಕೆಟ್, ಜೊತೆಗೆ ರ‍್ಯಾಚೆಟ್ಟು (ಸಾಕೆಟ್ ಸಿಕ್ಕಿಸಿ ತಿರುಗಿಸುವ ಹಿಡಿ), ಎರಡು ಎಕ್ಸ್‌ಟೆನ್ಷನ್. ಇದೇ ಸೆಟ್ಟನ್ನು ನಾಲ್ಕು ರೀತಿ ಜೋಡಿಸಿ ಬಳಸಿದಾಗ ಕಂಡಿದ್ದು ಇಷ್ಟು.

ಹೋಲಿಸುವ ಮುಂಚೆ ಒಂದು ವಿಷಯ. ಅರ್ಧ ಇಂಚು ಸೆಟ್ಟಿನಲ್ಲಿ 10ರಿಂದ 14ರವರೆಗಿನ ಸಾಕೆಟ್‌ಗಳ ಹೊರಮೈ ಹೆಚ್ಚುಕಡಿಮೆ ಒಂದೇ ದಪ್ಪ, 22 ಮಿ.ಮೀ. ಆಸುಪಾಸು. ಹಿಂಬದಿಯಲ್ಲಿ ಅರ್ಧ ಇಂಚಿನ ಚೌಕ ತೂತು ಕೂರಬೇಕಲ್ಲ, ಅದಕ್ಕೆ. ರಾಶಿ ಹಾಕಿದರೆ 12 ಯಾವುದು, 13 ಯಾವುದು ಎಂದು ಕಣ್ಣಿಗೆ ತಿಳಿಯದು. ಒಂದೊಂದನ್ನೇ ತಿರುಗಿಸಿ ನಂಬರ್ ಓದಬೇಕು. ಹಾಗಾಗಿ ಯಾವ ವ್ಯವಸ್ಥೆಗಾದರೂ ಕೇಳಬೇಕಾದ ಪ್ರಶ್ನೆ ಎರಡೇ: ನಂಬರ್ ಕಾಣುತ್ತದೆಯೇ? ಒಂದು ಕಳೆದರೆ ಗೊತ್ತಾಗುತ್ತದೆಯೇ?

ಸೆಟ್ಟಿನ ಜೊತೆ ಬರುವ ಪ್ಲಾಸ್ಟಿಕ್ ಡಬ್ಬಿ ಎರಡನೇ ಪ್ರಶ್ನೆಗೆ ಚೆನ್ನಾಗಿ ಉತ್ತರಿಸುತ್ತದೆ. ಖಾಲಿ ಗುಂಡಿ ಎದ್ದು ಕಾಣುತ್ತದೆ. ತಿಂಗಳಿಗೊಮ್ಮೆ ಕೈಗೆತ್ತಿಕೊಳ್ಳುವವರಿಗೆ ಇದೇ ಸಾಕು, ಬೇರೇನೂ ಕೊಳ್ಳಬೇಡಿ. ಆದರೆ ಮುಚ್ಚಳ ಮಡಚುವ ತೆಳು ಪ್ಲಾಸ್ಟಿಕ್ ಪಟ್ಟಿಯೇ ಮೊದಲು ಸೀಳುತ್ತದೆ. ಆಮೇಲೆ ತಲೆಕೆಳಗಾಗಿ ತೆರೆದರೆ ಸಾಕೆಟ್‌ಗಳೆಲ್ಲ ನೆಲದ ಮೇಲೆ. ಹೊಸದಾಗಿ ಕೊಂಡ, ಸ್ಪಾರ್ಕ್ ಪ್ಲಗ್ ಬಿಚ್ಚುವ ಸಾಕೆಟ್ಟಿಗೆ ಅಲ್ಲಿ ಜಾಗವೂ ಇರುವುದಿಲ್ಲ.

ರೈಲ್ ಅಂದರೆ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಜಾರುವ ಕ್ಲಿಪ್ಪುಗಳು. 300 ಮಿ.ಮೀ. ಪಟ್ಟಿಗೆ ಸಣ್ಣ ಸಾಕೆಟ್‌ಗಳಾದರೆ ಹತ್ತು ಹನ್ನೊಂದು, ದೊಡ್ಡವಾದರೆ ಏಳೆಂಟು. ಕ್ಲಿಪ್ಪಿನ ಚೌಕ ತುದಿಗೆ ಸಾಕೆಟ್ಟನ್ನು ನಾಲ್ಕು ದಿಕ್ಕಿನಲ್ಲಿ ಕೂರಿಸಬಹುದು. ನಂಬರ್ ಮೇಲಕ್ಕೆ ಬರುವಂತೆ ಕೂರಿಸಿಬಿಟ್ಟರೆ ಓದುವ ಗೋಳು ಮುಗಿಯಿತು. ಬಾನೆಟ್ ತೆಗೆದು ಕೆಲಸ ಮಾಡುವಾಗ ಇಡೀ ರೈಲನ್ನೇ ಪಕ್ಕಕ್ಕೆ ಒಯ್ಯಬಹುದು. ಬ್ಯಾಟರಿ ಟರ್ಮಿನಲ್ ಬಿಚ್ಚಿ 10ನೇ ನಂಬರನ್ನು ಅಲ್ಲೇ ಮರೆತರೆ ಖಾಲಿ ಕ್ಲಿಪ್ಪೇ ಚಾಡಿ ಹೇಳುತ್ತದೆ.

ಕೆಡುವುದು ಕ್ಲಿಪ್ಪಿನಲ್ಲಿ. ಅಗ್ಗದ ಪ್ಲಾಸ್ಟಿಕ್ ಕ್ಲಿಪ್ಪು ಬುಡದಲ್ಲೇ ಮುರಿಯುತ್ತದೆ, ಅದರಲ್ಲೂ 24ರ ಮೇಲಿನ ಭಾರದ ಸಾಕೆಟ್‌ಗಳಡಿ. ಸ್ಟೀಲ್ ಸ್ಪ್ರಿಂಗ್ ಕ್ಲಿಪ್ಪು ಮುರಿಯದು, ಆದರೆ ಹೊಸದರಲ್ಲಿ ಎಷ್ಟು ಬಿಗಿಯೆಂದರೆ ಆಯಿಲ್ ಆದ ಕೈಯಲ್ಲಿ ಎಳೆದರೆ ಬರುವುದೇ ಇಲ್ಲ. ಸ್ವಲ್ಪ ಅಲುಗಿಸುತ್ತಾ ಎಳೆಯಬೇಕು. ಇನ್ನೊಂದು: ನಮ್ಮ ಪೆಟ್ಟಿಗೆಯಲ್ಲಿ ರೈಲನ್ನು ನಿಲ್ಲಿಸಿದರೆ ಮೇಲಿನ ಟ್ರೇ ಮುಚ್ಚುವುದಿಲ್ಲ, ಮಲಗಿಸಬೇಕು. ದೊಡ್ಡ ಸಾಕೆಟ್‌ಗಳ ರೈಲನ್ನು ಒಂದು ಬದಿಯ ಟ್ರೇಗೆ ಹಾಕಿದರೆ ರ‍್ಯಾಚೆಟ್ಟನ್ನು ಎದುರು ಬದಿಗೆ ಹಾಕಿ. ಇಲ್ಲವಾದರೆ ತೆರೆದ ಕೂಡಲೇ ಪೆಟ್ಟಿಗೆ ಒಂದು ಕಡೆಗೆ ವಾಲುತ್ತದೆ.

ಮ್ಯಾಗ್ನೆಟ್ ಟ್ರೇ ನೋಡಲು ಚಂದ. ಅರದ ಪುಡಿ, ಗ್ರೈಂಡರ್ ಪುಡಿ ಎಲ್ಲ ಅದಕ್ಕೇ ಅಂಟಿ, ಅಲ್ಲಿಂದ ಸಾಕೆಟ್ಟಿನೊಳಗೆ, ಅಲ್ಲಿಂದ ನಟ್ಟಿನ ಥ್ರೆಡ್ಡಿಗೆ ಹೋಗುತ್ತದೆ. ಬಿಚ್ಚಿದ ಬೋಲ್ಟು ಹಾಕಿಡಲು ಸರಿ, ಸಾಕೆಟ್ ಇಡಲು ಬೇಡ.

ಫೋಮ್ ವಿಷಯದಲ್ಲಿ ಅರ್ಧ ಜನ ಮೋಸ ಹೋಗುವುದು ಸ್ಪಂಜಿನಿಂದ. ಸೋಫಾ ಸ್ಪಂಜು ನೀರು ಹೀರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅದರಲ್ಲಿಟ್ಟ ಸ್ಪ್ಯಾನರ್‌ನ ತಳಕ್ಕೆ ತುಕ್ಕು ಖಂಡಿತ, ನಾಲ್ಕಾರು ವರ್ಷಕ್ಕೆ ಸ್ಪಂಜೇ ಪುಡಿಯಾಗುತ್ತದೆ. ಬೇಕಾದ್ದು ನೀರು ಹೀರದ, ಗಟ್ಟಿ ರಬ್ಬರಿನಂಥ ಇ.ವಿ.ಎ. ಫೋಮ್ ಶೀಟು. 10 ಮಿ.ಮೀ. ಹಳದಿ ಶೀಟಿನ ಮೇಲೆ 20 ಮಿ.ಮೀ. ಕಪ್ಪು ಶೀಟನ್ನಿಟ್ಟು, ಕಪ್ಪನ್ನು ಮಾತ್ರ ಕೊರೆಯಿರಿ. ಟೂಲ್ ಇಲ್ಲದ ಕಡೆ ಹಳದಿ ಇಣುಕುತ್ತದೆ. ಚಾಕುವಿನಲ್ಲಿ ದುಂಡಗೆ ಕೊರೆಯಲು ಹೋದರೆ ಅಂಚು ಹರಿದುಹೋಗುತ್ತದೆ. ಮುಕ್ಕಾಲು ಇಂಚಿನ ಜಿ.ಐ. ಪೈಪಿನ ಗೇಣುದ್ದ ತುಂಡು ತಗೊಂಡು, ಬಾಯಿಯನ್ನು ಹೊರಗಿನಿಂದ ಅರದಲ್ಲಿ ಉಜ್ಜಿ ಹರಿತ ಮಾಡಿ, ಒತ್ತಿ ತಿರುಗಿಸಿ. ಅದರ ಒಳವ್ಯಾಸ 21-22 ಮಿ.ಮೀ., ಸಣ್ಣ ಸಾಕೆಟ್‌ಗಳು ಹಿತವಾಗಿ ಕೂರುತ್ತವೆ. ಸ್ಪ್ಯಾನರ್ ಗುಂಡಿಯ ನಡುವೆ ಬೆರಳು ಹೋಗುವಷ್ಟು, 25 ಮಿ.ಮೀ. ಕಚ್ಚು ಬಿಡಲು ಮರೆಯಬೇಡಿ. ಎರಡು ಶೀಟನ್ನು ಅಂಟಿಸುವ ಮುಂಚೆ ಎಲ್ಲವನ್ನೂ ಒಮ್ಮೆ ಇಟ್ಟು, ಪೆಟ್ಟಿಗೆ ಮುಚ್ಚಿ ನೋಡಿ.

ಫೋಮಿನ ದೋಷ ಜಾಗ. ಐದು ಖಾನೆಯ ಪೆಟ್ಟಿಗೆಯ ಕಿರಿದಾದ ಟ್ರೇಗಳಲ್ಲಿ ಮೂರನೇ ಒಂದು ಪಾಲು ಟೂಲ್ ಹಿಡಿಯದೆ ಹೊರಗೇ ಉಳಿಯುತ್ತದೆ. ಒಂದೇ ಕಡೆ ನಿಲ್ಲುವ, ಡ್ರಾಯರ್ ಇರುವ ಕಪಾಟಿಗೆ ಮಾತ್ರ ಇದು ಲಾಯಕ್ಕು.

ಹೊತ್ತು ತಿರುಗುವ ಪೆಟ್ಟಿಗೆಗೆ ರೈಲ್, ಗೋಡೆಗಾನಿಸಿದ ಡ್ರಾಯರ್‌ಗೆ ಫೋಮ್: ಇದೇ ನಮ್ಮ ತೀರ್ಮಾನ. ಯಾವುದನ್ನು ಹಿಡಿದರೂ ನಂಬರ್‌ಗಳಿಗೆ ಬಿಳಿ ಬಳಿಯಿರಿ. ಸಾಕೆಟ್ಟನ್ನು ಥಿನ್ನರ್‌ನಲ್ಲಿ ಒರೆಸಿ, ಕೆತ್ತಿದ ಅಂಕಿಯ ಮೇಲೆ ಎನಾಮಲ್ ಬಣ್ಣ ಹಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಬೆರಳಿಗೆ ಬಿಗಿಯಾಗಿ ಸುತ್ತಿದ ಬಟ್ಟೆಗೆ ಥಿನ್ನರ್ ಸೋಕಿಸಿ, ಮೇಲ್ಮೈಯನ್ನಷ್ಟೇ ಒರೆಸಿ. ಬಟ್ಟೆ ಸಡಿಲವಾಗಿದ್ದರೆ ಅಂಕಿಯೊಳಗಿನ ಬಣ್ಣವೂ ಎದ್ದು ಬರುತ್ತದೆ. ಒಂದು ರಾತ್ರಿ ಒಣಗಲಿ.